ರೈಲಿನ ಕೂಗಿಗೆ ಕಿವಿಗೊಟ್ಟವಳು

ರೋಸಾಲ್ಬಾಳಿಗೂ ಭೌತವಿಜ್ಞಾನಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಬಾದಾಮಿ ತೋಟಗಳ ನಡುವೆ, ಯಾವ ವಯಸ್ಸಿನವರೂ ಸೇರಬಹುದಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಈಗಾಗಲೇ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಹೋದರೆ ಅಲ್ಲಿ ನಾಲ್ಕನೆಯ ಅವಕಾಶವಿಲ್ಲ. ಹತ್ತೊಂಬತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿ, ನಲವತ್ತಾರರಲ್ಲಿ ಟೀಚರಾಗಲು ಹೊರಟವಳಿಗೆ ಉಳಿದದ್ದು ಇದೊಂದೇ ವಿಷಯ.

ಕೊನೆಯ ಪರೀಕ್ಷೆಗೆ ಎಲ್ಲರೂ ತಮ್ಮ ಬದುಕಿನದೇ ಏನಾದರೊಂದನ್ನು ಅಳೆದು ತಂದು ಬೋರ್ಡಿನ ಮುಂದೆ ವಿವರಿಸಬೇಕಿತ್ತು. ರೋಸಾಲ್ಬಾ ರೈಲನ್ನು ಆರಿಸಿಕೊಂಡಳು. ಶಾಲೆ ಬಸ್ಸು ಹಳಿ ದಾಟುವ ಮುನ್ನ ನಿಲ್ಲಲೇಬೇಕು. ಫ್ಯಾನು, ರೇಡಿಯೋ ಆರಿಸಿ, ಬಾಗಿಲು ತೆಗೆದು ಕಿವಿಗೊಡಬೇಕು. ಹಾದುಹೋಗುತ್ತಲೇ ರೈಲಿನ ಕೂಗು ತಟ್ಟನೆ ತಗ್ಗುವುದನ್ನು ಅವಳು ಸಾವಿರ ಸಲ ಕೇಳಿದ್ದಳು. ಯಾಕೆಂದು ಗೊತ್ತಾದದ್ದು ಮಾತ್ರ ಈ ವರ್ಷ: ರೈಲು ಬರುವಾಗ ಸದ್ದಿನ ಅಲೆಗಳು ಒತ್ತೊತ್ತಾಗುತ್ತವೆ, ಹೋಗುವಾಗ ಸಡಿಲಾಗುತ್ತವೆ. ಆ ಪಾಠದ ದಿನ ಕುಣಿದಾಡುವಷ್ಟು ಖುಷಿಯಾಗಿತ್ತು.

"ನಾನು ಸಾರು ಆರೋದನ್ನ ಅಳೆದೆ, ಅಳತೆನೂ ಆಯ್ತು, ಊಟಾನೂ ಆಯ್ತು. ನಿಂಗೇನು ಸಿಕ್ತು?" ಎಂದು ಲ್ಯಾಬಿನ ಜೊತೆಗಾತಿ ಪಾಂಗ್ ಛೇಡಿಸಿದಳು.

"ಬೈಗುಳ. ಶನಿವಾರ ಪೂರ್ತಿ ಹಳಿ ಪಕ್ಕ ಫೋನ್ ಹಿಡ್ಕೊಂಡು ನಿಂತಿದ್ದೆ. ನಿಂಗೆ ತಲೆ ಕೆಟ್ಟಿದೆ ಅಂದ ನನ್ನ ಗಂಡ."

ಅವಳ ಸರದಿ ಬಂತು. ಫೋನು ಅಳೆದಂತೆ ಬರುವಾಗಿನ ಕೂಗು ಸೆಕೆಂಡಿಗೆ ಮುನ್ನೂರ ಅರವತ್ತು ಕಂಪನ, ಹೋಗುವಾಗಿನದು ಮುನ್ನೂರು. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ, ಸದ್ದಿನ ವೇಗದಿಂದ ಗುಣಿಸಿದರೆ ರೈಲಿನ ವೇಗ. ಸದ್ದಿನದು ಗಂಟೆಗೆ ಏಳುನೂರ ಎಪ್ಪತ್ತು ಮೈಲಿ. ಬೋರ್ಡಿನ ಮೇಲೆ ಉತ್ತರ ಬರೆದಳು: ಏಳುನೂರು ಮೈಲಿ.

ಪಾಂಗ್ ಮುಖ ಮುಚ್ಚಿಕೊಂಡಳು. ಮಿನಾಸಿಯನ್ ಮೇಷ್ಟ್ರು ಅಂಕದ ಹಾಳೆ ಎಳೆದುಕೊಂಡು ಪೆನ್ನು ಹಿಡಿದರು. ರೋಸಾಲ್ಬಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ನಗು ಬಂತು.

"ಇಲ್ಲ ಸರ್. ಈ ಸ್ಪೀಡಲ್ಲಿ ಬಂದ್ರೆ ಕೂಗಿನ ಬೆನ್ನಿಗೇ ರೈಲೂ ಬಂದುಬಿಟ್ಟಿರುತ್ತೆ. ಅಂಥದ್ದು ನನ್ನ ಹಳಿ ಮೇಲೆ ಓಡಲ್ಲ."

ಒಂದು ಸೊನ್ನೆ ಹೆಚ್ಚಾಗಿತ್ತು. ಅಳಿಸಿ ಎಪ್ಪತ್ತು ಮಾಡಿದಳು.

ಅಲ್ಲಿಗೆ ಮುಗಿಯಲಿಲ್ಲ. ರೈಲು ನಿಂತಿದ್ದು ಬಸ್ಸೇ ಅದರತ್ತ ಹೋದರೆ? ಗಾಳಿ ಎದುರು ಬೀಸಿದರೆ? ಚಳಿಗಾಲದ ಮಂಜಿನಲ್ಲಿ, ಮೂಗಿನ ಮುಂದಿನದೂ ಕಾಣದ ದಿನ, ರೈಲು ಯಾವ ಕಡೆಯದೆಂದು ಹೇಗೆ ತಿಳಿಯುತ್ತೀರಿ? ಮೇಷ್ಟ್ರು ಕೇಳುತ್ತಲೇ ಹೋದರು. ಒಂದು ಸೊನ್ನೆಗೆ ಇಷ್ಟೊಂದು ಸೇಡೇ ಎಂದು ಅವಳಿಗೆ ಅಳುವೇ ಬರುವಂತಾಯಿತು. ಆದರೂ ಗೊತ್ತಿದ್ದದ್ದನ್ನೆಲ್ಲ ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದಳು.

"ಸರ್, ಫೇಲ್ ಮಾಡೋದಿದ್ರೆ ಒಂದೇ ಸಲ ಮಾಡಿಬಿಡಿ," ಎಂದಳು ಕೊನೆಗೆ.

ಮಿನಾಸಿಯನ್ ಕನ್ನಡಕ ತೆಗೆದರು. "ಫೇಲಾ? ಆ ಏಳುನೂರನ್ನ ನೀವೇ ಅಳಿಸಿದಾಗ್ಲೇ ಪಾಸಾದ್ರಿ, ರೋಸಾಲ್ಬಾ. ಆಮೇಲಿಂದು ಪರೀಕ್ಷೆ ಅಲ್ಲ. ಮೂವತ್ತು ವರ್ಷದಿಂದ ಇದೇ ಪಾಠ ಹೇಳ್ತಿದ್ದೀನಿ, ಒಂದಿನಾನೂ ಹಳಿ ಪಕ್ಕ ನಿಂತವನಲ್ಲ. ತಿಳ್ಕೊಳ್ಳೋ ಆಸೆ ಆಯ್ತು, ಅಷ್ಟೇ."

ಪಾಂಗ್ ಡೆಸ್ಕು ಬಡಿದಳು. ರೋಸಾಲ್ಬಾ ಅಳುತ್ತ ನಗುತ್ತ ಮೂಗೊರೆಸಿಕೊಂಡಳು.

"ಹಾಗಿದ್ರೆ ಶನಿವಾರ ಬನ್ನಿ ಸರ್, ಬೆಳಗ್ಗೆ ಹತ್ತರ ರೈಲಿಗೆ," ಎಂದಳು. "ನಾನು ಹೇಳ್ಕೊಡ್ತೀನಿ."