ಪಿಳ್ಳಮ್ಮನ ಕಾರು

ಪಿಳ್ಳಮ್ಮ ಬೇಕಾದಷ್ಟು ನೀರು ಕುಡಿಯುವ ಹಾಗಿರಲಿಲ್ಲ. ದಿನಕ್ಕೆ ಒಂದು ಸಣ್ಣ ಚೊಂಬು, ಅಷ್ಟೇ. ಟೀ, ಸಾರು, ಮಜ್ಜಿಗೆ ಎಲ್ಲವೂ ಅದರಲ್ಲೇ ಸೇರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಎರಡೂ ಕಿಡ್ನಿ ಕೆಟ್ಟಿದ್ದವು. ಕುಡಿದದ್ದು ಹೊರಗೆ ಹೋಗದೆ ಕಾಲಿಗೆ ಇಳಿಯುತ್ತಿತ್ತು, ಮುಖಕ್ಕೆ ಏರುತ್ತಿತ್ತು, ಕೊನೆಗೆ ಎದೆಗೆ ನುಗ್ಗಿ ಉಸಿರು ಕಟ್ಟಿಸುತ್ತಿತ್ತು.

ಟಿ. ದಾಸರಹಳ್ಳಿಯ ಒಂದು ಗಲ್ಲಿಯಲ್ಲಿ ಅವಳದು ಶೀಟು ಹೊದಿಸಿದ ಒಂದೇ ರೂಮು. ಬೇಸಿಗೆಯ ಮಧ್ಯಾಹ್ನ ಒಳಗೆ ಕೂತರೆ ಕಾದ ಬಾಣಲೆಯಲ್ಲಿ ಕೂತ ಹಾಗೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಾಗ ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಹೊರಗೆ ನಲ್ಲಿ ಬಿಟ್ಟು ಕೊಡಗಳಿಗೆ ನೀರು ಬೀಳುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಗಂಡ ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ರೆಸ್ಸು ನಡೆಸುತ್ತಿದ್ದವನು, ಸತ್ತು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ರಾಜಾನುಕುಂಟೆಯಲ್ಲಿ ಒಬ್ಬ ತಮ್ಮನಿದ್ದ. ಅಕ್ಕನಿಗೆ ಕಿಡ್ನಿ ಕಾಯಿಲೆ ಅಂತ ಗೊತ್ತಾದ ಮೇಲೆ ಅವನು ಫೋನು ಎತ್ತುವುದನ್ನೇ ಬಿಟ್ಟ. ಎಲ್ಲಿ ತನ್ನ ಕಿಡ್ನಿ ಕೇಳುತ್ತಾಳೋ ಎಂಬ ಭಯ. ಅವಳು ಕೇಳಬೇಕೆಂದುಕೊಂಡಿದ್ದು ಒಂದೇ: ಒಂದು ದಿನ ಬಂದು ಜೊತೆಗೆ ಕೂತಿರ್ತೀಯಾ ಅಂತ.

ವಾರಕ್ಕೆರಡು ಸಲ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿ ಬಿಪಿಎಲ್ ಕಾರ್ಡಿದ್ದವರಿಗೆ ಡಯಾಲಿಸಿಸ್ ಪುಕ್ಕಟೆ. ಮೆಷಿನ್ನು ನಾಲ್ಕು ತಾಸು ರಕ್ತ ತೊಳೆಯುತ್ತಿತ್ತು. ಪಕ್ಕದ ಮಂಚದಲ್ಲಿ ಮೆಹಬೂಬ್ ಬೀ ಎಂಬ ಮುದುಕಿ. ಅವಳ ಮಗಳು ಗಜಾಲಾ ತಾಯಿಯ ಕಾಲು ಒತ್ತುತ್ತಾ ಕೂತಿರುತ್ತಿದ್ದಳು. ಪಿಳ್ಳಮ್ಮ ಅತ್ತ ನೋಡುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ದಿನ ನರ್ಸು ರೂಬಿ ಅವಳನ್ನು ಬಾಗಿಲಲ್ಲೇ ತಡೆದಳು.

"ಪಿಳ್ಳಮ್ಮಾ, ನಿಮ್ ಕಾರ್ಡು ಕ್ಯಾನ್ಸಲ್ ಅಂತ ತೋರಿಸ್ತಿದೆ."

"ಕಾರ್ಡು ಇಲ್ಲೇ ಐತಲ್ಲಮ್ಮ, ನೋಡು."

"ಕೈಯಲ್ಲಿದ್ರೆ ಆಗಲ್ಲ. ಕಂಪ್ಯೂಟರ್‌ನಲ್ಲಿ ಇರ್ಬೇಕು. ಇವತ್ತು ಡಾಕ್ಟರ್‌ಗೆ ಹೇಳಿ ಹೇಗೋ ಮಾಡಿಸ್ತೀನಿ. ರೇಷನ್ ಆಫೀಸಿಗೆ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ದುಡ್ಡು ಕಟ್ಬೇಕಾಗುತ್ತೆ."

ಮಾರನೆಯ ದಿನ ರೇಷನ್ ಆಫೀಸಿನಲ್ಲಿ ಸಾಲು ಮೆಟ್ಟಿಲು ಇಳಿದು ಬೀದಿಗೆ ಬಂದಿತ್ತು. ನಿಲ್ಲಲಾಗದೆ ಪಿಳ್ಳಮ್ಮ ಮೆಟ್ಟಿಲ ಮೇಲೆ ಕೂತು ಕೂತು ಮುಂದೆ ಸರಿದಳು. ಅವಳ ಸರದಿ ಬಂದಾಗ ಗುಮಾಸ್ತ ನಂಬರು ಒತ್ತಿ ನೋಡಿದ. ಆಮೇಲೆ ತಲೆಯೆತ್ತಿ ಅವಳನ್ನೂ ಅವಳ ಸೀರೆಯನ್ನೂ ನೋಡಿದ.

"ಅಮ್ಮಾ, ನಿಮ್ ಹೆಸರಲ್ಲಿ ಕಾರಿದೆ. ಕಾರಿರೋರಿಗೆ ಬಿಪಿಎಲ್ ಕೊಡಲ್ಲ."

"ಏನೈತೆ ಸಾರ್?"

"ಕಾರು ಕಣಮ್ಮ, ಕಾರು."

"ಓನರಮ್ಮ ಬಸ್ಸಲ್ಲಿ ಬಂದವ್ರೆ!" ಅಂದ ಹಿಂದಿನವನೊಬ್ಬ. ಸಾಲೆಲ್ಲ ನಕ್ಕಿತು. ಪಿಳ್ಳಮ್ಮನಿಗೂ ನಗು ಬಂತು.

"ಬೇರೆ ಯಾರೋ ಪಿಳ್ಳಮ್ಮ ಇರ್ಬೇಕು ಸಾರ್. ನಂದೊಂದು ಸೈಕಲ್ಲೂ ಇಲ್ಲ."

"ಆಧಾರ್ ನಿಮ್ದೇ. ಫೋನ್ ನಂಬರ್ ನಿಮ್ದೇ. ಬಿಳಿ ಕಾರು, ನಂಬರು ಕೊನೇಲಿ ನಾಲ್ಕು ಒಂಬತ್ತು."

ಪಿಳ್ಳಮ್ಮನ ನಗು ನಿಂತಿತು. ನಾಲ್ಕೂ ಒಂಬತ್ತರ ಆ ಪ್ಲೇಟನ್ನು ಅವಳು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ಶೆಟ್ಟಿಹಳ್ಳಿಯ ಮಹೇಂದ್ರನ ಕಾರು ಅದು.

ಮಹೇಂದ್ರನ ಮನೆತನಕ್ಕೆ ಒಂದು ಕಾಲದಲ್ಲಿ ಅಲ್ಲಿ ರಾಗಿ ಹೊಲಗಳಿದ್ದವು. ಈಗ ಆ ಹೊಲಗಳ ಮೇಲೆ ಅವನೇ ಕಟ್ಟಿಸಿದ ಅಪಾರ್ಟ್‌ಮೆಂಟುಗಳು ನಿಂತಿವೆ. ಅವನು ಹೈಸ್ಕೂಲು ಹುಡುಗನಾಗಿದ್ದಾಗಿನಿಂದ ಪಿಳ್ಳಮ್ಮ ಆ ಮನೆಯ ಪಾತ್ರೆ, ನೆಲ, ಬಟ್ಟೆ ನೋಡಿಕೊಂಡವಳು. ಹೊಸ ಕಾರು ಬಂದ ದಿನ ಚಕ್ರಗಳ ಮುಂದೆ ರಂಗೋಲಿ ಹಾಕಿದವಳೂ ಅವಳೇ. ಅದಕ್ಕೂ ಮುಂಚೆ ಒಂದು ಸಂಜೆ ಮಹೇಂದ್ರ ಅವಳ ಆಧಾರ್ ಕಾರ್ಡು ಕೇಳಿದ್ದ. "ನಿಂಗೆ ವಿಧವಾ ಪೆನ್ಷನ್ ಮಾಡಿಸ್ತೀನಿ ಪಿಳ್ಳಮ್ಮ. ಫೋನಿಗೊಂದು ನಂಬರ್ ಬರುತ್ತೆ, ಹೇಳು," ಅಂದಿದ್ದ. ಅವಳು ಓದಲಾರದೆ ಫೋನನ್ನೇ ಅವನ ಕೈಗೆ ಕೊಟ್ಟಿದ್ದಳು. ತನ್ನ ಬಗ್ಗೆ ಯೋಚಿಸುವವರೂ ಒಬ್ಬರಿದ್ದಾರೆ ಎಂದು ಅವತ್ತು ಬಸ್ಸಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಪೆನ್ಷನ್ ಬರಲಿಲ್ಲ. ಕಾಲು ಊದಿಕೊಂಡು ಕೆಲಸ ನಿಧಾನವಾದಾಗ ಮನೆಯವರು "ರೆಸ್ಟ್ ತಗೋ" ಎಂದು ಹೇಳಿ ಬೇರೆಯವಳನ್ನು ಇಟ್ಟುಕೊಂಡರು.

ಕಾರಿನ ವಿಷಯ ಗೊತ್ತಾದ ದಿನ ರೇಷನ್ ಆಫೀಸಿನಿಂದ ನೇರ ಶೆಟ್ಟಿಹಳ್ಳಿಗೆ ಹೋದಳು. ಮಹೇಂದ್ರ ನಡುಮನೆಯಲ್ಲಿ ಕೂತಿದ್ದ. ಅವನು ಇಲ್ಲವೆನ್ನಲಿಲ್ಲ.

"ಹೌದು, ನಿನ್ ಹೆಸರಲ್ಲಿ ತಗೊಂಡೆ. ನನ್ನ ಹೆಸರಲ್ಲಿ ಜಾಸ್ತಿ ತೋರಿಸೋ ಹಾಗಿಲ್ಲ, ಟ್ಯಾಕ್ಸ್‌ನೋರು ಬರ್ತಾರೆ. ನಿಂಗೇನ್ ನಷ್ಟ ಆಯ್ತೀಗ?"

"ಕಾರ್ಡು ಓಯ್ತು ಮಹೇಂದ್ರಣ್ಣ. ಡಯಾಲಿಸಿಸ್ ಮಾಡಲ್ಲ ಅಂತಾರೆ."

"ಅಯ್ಯೋ, ಅಷ್ಟೇನಾ? ಬದಲಾಯಿಸಿಬಿಡ್ತೀನಿ. ಒಂದು ವಾರ ತಡ್ಕೋ."

ಅವನ ತಾಯಿ ವೆಂಕಟಲಕ್ಷ್ಮಮ್ಮ ಒಂದು ದೊಡ್ಡ ಲೋಟ ಮಜ್ಜಿಗೆ ತಂದುಕೊಟ್ಟರು. ಕುಡಿಯುವ ಹಾಗಿಲ್ಲ ಎಂದು ಹೇಳಲು ಪಿಳ್ಳಮ್ಮನಿಗೆ ನಾಲಿಗೆ ಬರಲಿಲ್ಲ. ಒಂದು ಗುಟುಕು ಕುಡಿದು, ಅಭ್ಯಾಸಬಲದಿಂದ ಲೋಟ ತೊಳೆದಿಟ್ಟು ಬಂದಳು.

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಮಹೇಂದ್ರ ಫೋನು ಎತ್ತಲಿಲ್ಲ. ಅಷ್ಟೂ ದಿನ ರೂಬಿ ಹೇಗೋ ಒಳಗೆ ಬಿಡುತ್ತಿದ್ದಳು. ಕೊನೆಗೊಂದು ದಿನ, "ಇದೇ ಕೊನೇದು ಪಿಳ್ಳಮ್ಮ. ನನ್ ಕೆಲಸಕ್ಕೇ ಕುತ್ತು ಬಂದ್ಬಿಡುತ್ತೆ," ಅಂದಳು. ಅವಳ ಕಣ್ಣೂ ತುಂಬಿತ್ತು.

ಮಂಚದ ಮೇಲೆ ಮಲಗಿ ಪಿಳ್ಳಮ್ಮ ಮೊದಲ ಸಲ ಗೋಡೆ ಕಡೆಯಿಂದ ಈಚೆ ತಿರುಗಿದಳು. ಗಜಾಲಾಗೆ ಎಲ್ಲವನ್ನೂ ಹೇಳಿದಳು. ಗಜಾಲಾ ತಾಯಿಯ ಕಾಲು ಒತ್ತುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಅಕ್ಕಾ, ಕಾಗದದಲ್ಲಿ ನಿಮ್ ಹೆಸರಿದ್ರೆ ಕಾರು ನಿಮ್ದೇ. ಅವರು ನಿಮ್ಮನ್ನ ಕೇಳಿ ಓಡಿಸ್ಬೇಕು."

ಮುಂದಿನ ಡಯಾಲಿಸಿಸ್ ತಪ್ಪಿತು. ಅದರ ಮುಂದಿನದೂ ತಪ್ಪಿತು. ಪಾದ ಉಬ್ಬಿ ಚಪ್ಪಲಿ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಪಕ್ಕದ ರೂಮಿನವರು ಟೀವಿ ನೋಡಿ ನಗುವುದು ಕೇಳುತ್ತಿತ್ತು. ಇಲ್ಲೇ ಸತ್ತರೆ ರೂಮಿನ ಮಾಲೀಕ ಬಾಡಿಗೆಗೆ ಬಂದಾಗಲೇ ಗೊತ್ತಾಗುವುದು ಅನ್ನಿಸಿತು. ಬೆಳಗಾದ ಕೂಡಲೇ ಬರಿಗಾಲಲ್ಲಿ ಎದ್ದು ಹೊರಟಳು.

ಕಾರು ಮಹೇಂದ್ರನ ಮನೆಯ ಗೇಟಿನ ಒಳಗೆ ನಿಂತಿತ್ತು. ಡ್ರೈವರ್ ಶಿವಪ್ಪ ಗಾಜು ಒರೆಸುತ್ತಿದ್ದ. ಅವಳು ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಅಷ್ಟು ವರ್ಷ ಒರೆಸಿದ ಕಾರಿನೊಳಗೆ ಅವಳು ಕೂತದ್ದು ಅದೇ ಮೊದಲು. ಸೀಟು ಮೆತ್ತಗಿತ್ತು.

"ಅಕ್ಕಾ, ಏನಿದು? ಅಣ್ಣ ಬಂದ್ರೆ ಬೈತಾರೆ."

"ಬರ್ಲಿ."

ಮಹೇಂದ್ರ ಬಂದ. ಹಿಂದೆಯೇ ವೆಂಕಟಲಕ್ಷ್ಮಮ್ಮ ಬಂದರು. ಕೆಲಸದವರು, ವಾಚ್‌ಮನ್ನು ಎಲ್ಲ ಬಂದು ನಿಂತರು.

"ಇಳಿಯೇ! ಏನ್ ತಲೆ ಕೆಟ್ಟಿದೆಯಾ ನಿಂಗೆ?"

"ನಾನ್ಯಾಕ್ ಇಳೀಲಿ? ನನ್ ಕಾರು. ಸರ್ಕಾರದೋರೇ ಏಳವ್ರೆ."

"ಪಿಳ್ಳಮ್ಮಾ," ವೆಂಕಟಲಕ್ಷ್ಮಮ್ಮ ಕಾರಿನ ಹತ್ತಿರ ಬಂದರು, "ಈ ಮನೆ ಅನ್ನ ಉಂಡೋಳು ನೀನು."

"ಉಂಡಿವ್ನಿ ಅಮ್ಮಾವ್ರೇ. ದುಡ್ದು ಉಂಡಿವ್ನಿ. ಪುಕ್ಕಟೆ ಉಂಡಿದ್ದು ಒಂದ್ ದಿನಾನೂ ಇಲ್ಲ." ಅವಳಿಗೆ ಏದುಸಿರು ಬಂತು. ತಡೆದು ತಡೆದು ಮಾತಾಡಿದಳು. "ಕಾರ್ ಬೇಕು ಅಂತ ಕೇಳ್ತಿಲ್ಲ ನಾನು. ನನ್ ಹೆಸರು ನಂಗ್ ಕೊಡ್ರಿ. ನನ್ ಹೆಸರಿಟ್ಕೊಂಡು ನೀವು ತಿರುಗ್ತೀರಿ, ನಾನು ಸಾಯ್ತಾ ಇವ್ನಿ."

"ಪೊಲೀಸ್ ಕರೀತೀನಿ!" ಅಂದ ಮಹೇಂದ್ರ.

"ಕರೀರಿ. ಕಾರ್ ಯಾರ್ದು ಅಂತ ಅವ್ರೇ ನೋಡ್ಲಿ."

ಮಹೇಂದ್ರ ಜೇಬಿನಿಂದ ಫೋನು ತೆಗೆದ. ಒತ್ತಲಿಲ್ಲ. ಮತ್ತೆ ಜೇಬಿಗೆ ಹಾಕಿದ. "ಶಿವಪ್ಪ, ನೋಡ್ತಾ ನಿಂತಿದೀಯಲ್ಲೋ! ಎಳ್ದು ಹೊರಗ್ ಹಾಕೋ ಇವಳನ್ನ."

ಶಿವಪ್ಪ ಬಾಗಿಲು ತೆಗೆದ. ಅವಳ ಉಬ್ಬಿದ ಬರಿಗಾಲು ಕಣ್ಣಿಗೆ ಬಿತ್ತು. ಅವಳು ಅಲ್ಲಾಡಲಿಲ್ಲ. ಅವನು ಬಗ್ಗಿ ಮೆಲ್ಲಗೆ ಕೇಳಿದ.

"ಅಕ್ಕಾ, ಏನಂತ ಏಳಿ ಆಧಾರ್ ಈಸ್ಕೊಂಡ್ರು ನಿನ್ ಅತ್ರ?"

"ಪೆನ್ಷನ್ ಮಾಡಿಸ್ತೀನಿ ಅಂತ. ಫೋನಿಗೆ ಒಂದು ನಂಬರ್ ಬಂತು."

ಶಿವಪ್ಪ ನೆಟ್ಟಗೆ ನಿಂತ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕಾರಿನ ಮೇಲೆ ಹಾಕಿದ.

"ನಂಗೆ ಮಗೀನ ಸ್ಕಾಲರ್‌ಶಿಪ್ ಅಂದಿದ್ರಿ," ಅಂದ ಮಹೇಂದ್ರನ ಕಡೆ ತಿರುಗಿ.

ಗೇಟಿನ ಹತ್ತಿರ ನಿಂತಿದ್ದ ವಾಚ್‌ಮನ್ ಒಂದು ಹೆಜ್ಜೆ ಮುಂದೆ ಬಂದ. ಅಡುಗೆಯವಳು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು. ಅವರಿಬ್ಬರೂ ಯಾವಾಗಲೋ ಒಮ್ಮೆ ತಮ್ಮ ಫೋನುಗಳನ್ನು ಮಹೇಂದ್ರನ ಕೈಗೆ ಕೊಟ್ಟವರು.

ಶಿವಪ್ಪ ಕಾರಿನ ಕೀಯನ್ನು ತನ್ನ ಅಂಗಿ ಜೇಬಿಗೆ ಹಾಕಿಕೊಂಡ.

"ನನ್ ಹೆಸರಲ್ಲಿ ಏನೇನೈತೆ ಅಣ್ಣ? ಬಾಯ್ ಬಿಟ್ಟು ಏಳು. ಏಳೋ ಗಂಟ ಈ ಕಾರು ಇಲ್ಲಿಂದ ಅಲ್ಲಾಡಲ್ಲ."