ಬಾಕಿ ಉಳಿದ ನಾಲ್ಕನೇ ಸಾಲು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬಾಯಿಗೆ ಬಂದಂತೆ ಬೈಯುವಂತಿಲ್ಲ. ಬೈಯಲೇಬೇಕೆಂದಿದ್ದರೆ ನಾಲ್ಕು ಸಾಲಿನ ಪದ್ಯದಲ್ಲಿ ಬೈಯಬೇಕು. ಎರಡನೇ ಸಾಲಿಗೂ ನಾಲ್ಕನೇ ಸಾಲಿಗೂ ಕೊನೆಯಲ್ಲಿ ಪ್ರಾಸ ಕೂಡಬೇಕು, ಒಮ್ಮೆ ಬಳಸಿದ ಪ್ರಾಸಪದವನ್ನು ಮತ್ತೆ ತರಬಾರದು. ಇದು ಗಾಜಿನಂಗಡಿ ತೆರೆದ ನಮ್ಮಜ್ಜ ಮಾಡಿಟ್ಟುಹೋದ ಕಟ್ಟಳೆ. ಕೆಳಗೆ ಅಂಗಡಿ, ಮೇಲೆ ಮನೆ. ಮೇಲೆ ಯಾರಾದರೂ ಕಿರುಚಿದರೆ ಕೆಳಗೆ ಗಾಜು ಕೊಯ್ಯುವವನ ಕೈ ನಡುಗುತ್ತದಲ್ಲ, ಅದಕ್ಕೆ. ಮೊದಲೆರಡು ಸಾಲಿನಲ್ಲಿ ಸಿಟ್ಟು ಕಕ್ಕು, ಮೂರನೆಯದರಲ್ಲಿ ಮಾತು ತಿರುಗಿಸು, ನಾಲ್ಕನೆಯದರಲ್ಲಿ ನಿನಗೇನು ಬೇಕೋ ಕೇಳು ಎನ್ನುತ್ತಿದ್ದನಂತೆ. ಪ್ರಾಸ ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ ಎಂಬುದು ಅವನ ಲೆಕ್ಕಾಚಾರ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ಪ್ರಾಸ ಸಿಗದಿದ್ದರೆ ನನಗೆ ಸಿಟ್ಟು ದುಪ್ಪಟ್ಟಾಗುತ್ತದೆ.

ಬೈಸಿಕೊಂಡವರು ಉತ್ತರ ಕೊಡುವುದೂ ನಾಲ್ಕು ಸಾಲಿನಲ್ಲೇ. ಆಗದೆ ಗದ್ಯದಲ್ಲಿ ಬಾಯಿಬಿಟ್ಟರೆ ಸೋತಂತೆ. ಸೋತವರು ಗೆದ್ದವರ ನಾಲ್ಕನೇ ಸಾಲಿನಲ್ಲಿ ಏನಿತ್ತೋ ಅದನ್ನು ಬದುಕಿರುವವರೆಗೆ ಚಾಚೂ ತಪ್ಪದೆ ನಡೆಸಬೇಕು. ಅಪ್ಪ ಒಮ್ಮೆಯೂ ಸೋತವನಲ್ಲ. ಪ್ರಾಸ ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಚಿಕ್ಕಮ್ಮ ಪಾಪ ಗದ್ಯದ ಮನೆಯಿಂದ ಬಂದವಳು. ಮದುವೆಯಾದ ಹೊಸದರಲ್ಲಿ ಉಪ್ಪು ಜಾಸ್ತಿಯಾಯಿತೆಂದು ಅಜ್ಜಿ ಅವಳ ಮೇಲೆ ಪದ್ಯ ಹೇಳಿದಾಗ ಖುಷಿಯಾಗಿ ಚಪ್ಪಾಳೆ ತಟ್ಟಿದ್ದಳು.

ಅಪ್ಪನಿಗೂ ಚಿಕ್ಕಪ್ಪನಿಗೂ ಹತ್ತಿಕೊಂಡದ್ದು ಕ್ಷೌರದಂಗಡಿಯ ಕನ್ನಡಿಯಿಂದ. ಅಳತೆ ತೆಗೆದವನು ಅಪ್ಪ, ಕೂರಿಸಲು ಹೋದವನು ಚಿಕ್ಕಪ್ಪ. ಕನ್ನಡಿ ಚೌಕಟ್ಟಿಗಿಂತ ಒಂದು ಬೆರಳಿನಷ್ಟು ಅಗಲವಾಗಿತ್ತು. ಒತ್ತಿದ, ಚೂರಾಯಿತು. ತಮ್ಮನ ಕೈಯೇ ಸರಿಯಿಲ್ಲ ಎಂದುಬಿಟ್ಟ ಅಪ್ಪ. ಅದನ್ನು ತಮ್ಮನಿಗೆ ಹೇಳಿದ್ದರೆ ತಾನೇ ಪದ್ಯ ಬೇಕಿತ್ತು, ಜಾಣ, ಕ್ಷೌರದವನಿಗೆ ಹೇಳಿದ.

ಅವತ್ತು ಊಟಕ್ಕೆ ಕೂತಾಗ ಚಿಕ್ಕಪ್ಪ ಎದ್ದು ನಿಂತ. ನಾವೆಲ್ಲ ತುತ್ತು ಕೆಳಗಿಟ್ಟೆವು.

"ಅಳತೆ ನಿನದು, ಹೆಸರು ನಿನದು, ಹೊಗಳಿಕೆಯೂ ನಿನದೆ,
ಒಡೆದ ಗಾಜು ಮಾತ್ರ ಏಕೆ ನನ್ನ ತಲೆಯ ಪಾಲು?
ಇಷ್ಟು ವರುಷ ಹೊತ್ತೆ ನಾನು, ಇನ್ನು ಮೇಲೆ ಕೇಳು..."

ಅಷ್ಟಕ್ಕೆ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು. ಅವನು ಏನು ಕೇಳಲು ಎದ್ದಿದ್ದನೆಂದು ಮನೆಮಂದಿಗೆಲ್ಲ ಗೊತ್ತಿತ್ತು, ಅಂಗಡಿಯಲ್ಲಿ ಅರ್ಧ ಪಾಲು ತೆಗೆದುಕೊಂಡು ಬೇರೆಯಾಗುತ್ತೇನೆಂದು ಚಿಕ್ಕಮ್ಮನ ಹತ್ತಿರ ಗೊಣಗುತ್ತಲೇ ಇದ್ದ. ಆದರೆ 'ಪಾಲು' ಎಂಬ ಪದವನ್ನು ಸಿಟ್ಟಿನ ಭರದಲ್ಲಿ ಎರಡನೇ ಸಾಲಿನಲ್ಲೇ ಖರ್ಚು ಮಾಡಿಕೊಂಡಿದ್ದ! ಅಜ್ಜಿ ನಮ್ಮ ಮನೆಯ ತೀರ್ಪುಗಾರ್ತಿ. ಅವಳು ಅನ್ನ ಆರುವವರೆಗೆ ಕಾದು, ನಾಲ್ಕನೇ ಸಾಲು ಬಾಕಿ ಎಂದು ಹೇಳಿ ಊಟ ಮುಂದುವರಿಸಿದಳು.

ಬಾಕಿ ಎಂದರೆ ತಮಾಷೆಯಲ್ಲ. ಮೂರು ಸಾಲು ಆಡಿದವನು ಎದುರಾಳಿಗೆ ಆಡುವ ಮುಂದಿನ ಮಾತೇ ನಾಲ್ಕನೇ ಸಾಲು. ಅದು ತಾಳ ತಪ್ಪಿದರೆ ಸೋಲು. ಅದು ಬರುವ ತನಕ ಎದುರಾಳಿಯೂ ತುಟಿ ಬಿಚ್ಚುವಂತಿಲ್ಲ. ಹಾಗಾಗಿ ಅಣ್ಣತಮ್ಮಂದಿರ ಮಾತು ನಿಂತೇ ಹೋಯಿತು, ತಿಂಗಳುಗಟ್ಟಲೆ. ಗಾಜು ಹೊರುವ ಕೆಲಸ ಮಾತಿಲ್ಲದೆ ಸಾಗುವುದಿಲ್ಲ. ಎತ್ತು, ತಿರುಗಿಸು, ಬಾಗಿಲು ಬಂತು ಎಂದು ಒಬ್ಬ ಹೇಳಬೇಕು, ಇನ್ನೊಬ್ಬ ನಂಬಬೇಕು. ಈ ಮಾತುಗಳನ್ನೆಲ್ಲ ಆ ಕಡೆಯಿಂದ ಈ ಕಡೆಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ನಾನು 'ಬಲಕ್ಕೆ' ಎಂದು ದಾಟಿಸುವಷ್ಟರಲ್ಲಿ ಬಲಗಡೆಯ ಗೋಡೆ ಬಂದಿರುತ್ತಿತ್ತು. ಅಂಗಡಿಯ ಹಿಂದೆ ಗಾಜಿನ ಚೂರು ಗುಡ್ಡೆಬಿತ್ತು.

ಚಿಕ್ಕಪ್ಪ ಕಿಟಕಿಗಾಜಿನ ಅಂಚಿಗೆ ಪುಟ್ಟಿ ಮೆತ್ತುತ್ತಾ ಹಾಲು, ನೂಲು, ಕೋಲು, ಸಾಲು ಎಂದು ಗುನುಗುತ್ತಿದ್ದ. ಅಪ್ಪನ ಉತ್ತರವಂತೂ ತಯಾರಾಗಿಬಿಟ್ಟಿತ್ತು. ಸ್ನಾನದ ಮನೆಯಲ್ಲಿ ಅದನ್ನು ದಿನವೂ ತಿದ್ದಿ ತೀಡುವುದು ಬಾಗಿಲಾಚೆ ನನಗೆ ಕೇಳುತ್ತಿತ್ತು. ಪದ ಕೇಳಿಸದಿದ್ದರೂ ತಾಳ ಕೇಳಿಸುತ್ತಿತ್ತು. ಗೆದ್ದರೆ ಚಿಕ್ಕಪ್ಪ ಪಾಲು ತೆಗೆದುಕೊಂಡು ಹೋಗುತ್ತಾನೆ, ಸೋತರೆ ಪಾಲಿಲ್ಲದೆ ಹೋಗುತ್ತಾನೆ, ಒಟ್ಟಿನಲ್ಲಿ ಹೋಗುತ್ತಾನೆ. ನನಗೆ ಗಾಜು ಕೊಯ್ಯಲು ಕಲಿಸಿದವನು ಅವನು. ಅವನು ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ.

ಕೊನೆಗೊಂದು ದಿನ ಬೆಳಿಗ್ಗೆ ಅವನು ನನ್ನನ್ನು ಮೂಲೆಗೆ ಕರೆದ. ಮುಖದಲ್ಲಿ ಗೆಲುವಿತ್ತು.

"ಸಿಕ್ತು ಕಣೇ. ಪ್ರಾಸನೂ ಸರಿಹೋಯ್ತು, ತಾಳನೂ ಸರಿಹೋಯ್ತು. ರಾತ್ರಿ ಊಟಕ್ಕೆ ಕೂತಾಗ ಹೇಳ್ತೀನಿ. ನಾಳೆಯಿಂದ ನಾವು ಬೇರೆ."

ಯಾವ ಪದವೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ದಿನದ ಕೆಲಸ ದರ್ಜಿಯದು. ಮಹಡಿಯಲ್ಲಿದ್ದ ಅಂಗಡಿಯನ್ನು ಅವನು ಕೆಳಕ್ಕೆ ಇಳಿಸುತ್ತಿದ್ದ. ಆಳೆತ್ತರದ ಶೋಕೇಸ್ ಗಾಜೊಂದು ಮರದ ಮೆಟ್ಟಿಲಿನ ಮೇಲೆ ಇಳಿಯಬೇಕಿತ್ತು. ಅಪ್ಪ ಕೆಳಗಿನ ತುದಿ ಹಿಡಿದು ಹಿಂದುಹಿಂದಾಗಿ ಇಳಿಯುತ್ತಿದ್ದ, ಚಿಕ್ಕಪ್ಪ ಮೇಲಿನ ತುದಿ ಹಿಡಿದಿದ್ದ. ನಾನು ಕೆಳಗೆ ಬೀದಿ ಬಾಗಿಲನ್ನು ಒತ್ತಿ ಹಿಡಿದಿದ್ದೆ. ಮಧ್ಯದ ಒಂದು ಮೆಟ್ಟಿಲಿನ ಹಲಗೆಯನ್ನು ಇವರು ಮೇಲೆ ಗಾಜು ಬಿಚ್ಚುತ್ತಿದ್ದಾಗ ಬಡಗಿ ರಿಪೇರಿಗೆಂದು ಕಿತ್ತು, ಚಹಾ ಕುಡಿಯಲು ಹೋಗಿದ್ದ. ಬೀದಿಯ ಕಡೆ ಮುಖ ಮಾಡಿದ್ದ ನನಗೆ ಅದು ಕಾಣುತ್ತಿರಲಿಲ್ಲ. ಅಪ್ಪನ ಬೆನ್ನಿಗಂತೂ ಕಣ್ಣಿರಲಿಲ್ಲ. ಕಂಡದ್ದು ಚಿಕ್ಕಪ್ಪನಿಗೆ ಮಾತ್ರ, ಗಾಜಿನ ಮೂಲಕ.

"ಅಣ್ಣ, ನಿಲ್ಲು, ಹಿಂದೆ ಮೆಟ್ಟಿಲಿಲ್ಲ, ಎತ್ತು ಕಾಲು!"

ಅಪ್ಪ ಕಾಲೆತ್ತಿದ. ಎತ್ತಿದ ಕಾಲು ಹಾಗೇ ಗಾಳಿಯಲ್ಲಿ ಉಳಿಯಿತು. ಗಾಜಿನಲ್ಲಿ ಕಾಣುವ ಅಪ್ಪನ ತುಟಿ ಮೆಲ್ಲಗೆ ಅಲ್ಲಾಡತೊಡಗಿತು, ಅವನು ತಾಳ ಎಣಿಸುತ್ತಿದ್ದ. ನಾನೂ ಎಣಿಸಿದೆ. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಮಾತ್ರೆ ಕಡಿಮೆಯಿಲ್ಲ. ಪಾಲು, ಕಾಲು. ಅಷ್ಟು ತಿಂಗಳು ಆ ಮೂರು ಸಾಲನ್ನು ಹೊತ್ತು ತಿರುಗಿದವನ ಬಾಯಲ್ಲಿ ಗಾಬರಿಯೂ ತಾಳಕ್ಕೆ ಸರಿಯಾಗಿಯೇ ಹೊರಟಿತ್ತು.

ಚಿಕ್ಕಪ್ಪನಿಗೂ ಹೊಳೆಯಿತು. ಅವನ ಮುಖ ಸಪ್ಪಗಾಯಿತು. ನಾಲ್ಕನೇ ಸಾಲು ಮುಗಿದುಹೋಗಿತ್ತು. ಬೆಳಿಗ್ಗೆ ಸಿಕ್ಕಿದ ಪದ, ಅರ್ಧ ಅಂಗಡಿ, ಬೇರೆ ಮನೆ, ಎಲ್ಲವೂ ಅದರ ಜೊತೆಗೇ ಹೋಗಿತ್ತು. ಈಗ ಅಪ್ಪನ ಸರದಿ. ಸ್ನಾನದ ಮನೆಯ ಆ ನಾಲ್ಕು ಸಾಲು ನೆನಪಾಗಿ ನಾನು ಕಣ್ಣು ಮುಚ್ಚಿಕೊಂಡೆ.

"ಕನ್ನಡಿ ಅಳತೆ ತಪ್ಪಿದ್ದು ನಾನೇ ಕಣೋ," ಎಂದ ಅಪ್ಪ. "ಅವತ್ತೇ ಗೊತ್ತಿತ್ತು. ಮೊದ್ಲು ಇದನ್ನ ಕೆಳಗಿಳಿಸೋಣ. ಎಲ್ಲಿಡ್ಲಿ ಕಾಲು, ನೀನೇ ಹೇಳು."

ಪ್ರಾಸವಿಲ್ಲ, ತಾಳವಿಲ್ಲ. ಹಸಿ ಗದ್ಯ.

ರಾತ್ರಿ ಅಜ್ಜಿ ವಿಚಾರಣೆಗೆ ಕೂತಳು. ಚಿಕ್ಕಪ್ಪ ತಲೆ ತಗ್ಗಿಸಿ ನಾಲ್ಕೂ ಸಾಲು ಹೇಳಿದ. ಪ್ರಾಸ ಸರಿಯಾಗಿದೆ, ಆದರೆ ಮೂರನೇ ಸಾಲಿಗೂ ನಾಲ್ಕನೆಯದಕ್ಕೂ ನಡುವೆ ಉಸಿರು ಸ್ವಲ್ಪ ಉದ್ದವಾಯಿತು ಎಂದಳು ಅಜ್ಜಿ. ಅಪ್ಪ ತಾನು ಆಡಿದ ಗದ್ಯವನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. ಉತ್ತರದ ಪದ್ಯ ಇತ್ತಲ್ಲ, ಏನಾಯಿತು ಎಂದು ನಾನು ತಡೆಯಲಾರದೆ ಕೇಳಿದೆ. ಮರೆತುಹೋಯಿತು ಎಂದ. ಮರೆತವನ ಮುಖ ಹಾಗಿರುವುದಿಲ್ಲ. ಚಿಕ್ಕಮ್ಮ ಮತ್ತೆ ಚಪ್ಪಾಳೆ ತಟ್ಟಿದಳು, ಈ ಸಲ ಯಾರೂ ಅವಳನ್ನು ತಡೆಯಲಿಲ್ಲ. ಅಪ್ಪ ಸೋತನೆಂದು ತೀರ್ಪಾಯಿತು.

ಸೋತವನು ನಾಲ್ಕನೇ ಸಾಲನ್ನು ನಡೆಸಲೇಬೇಕಲ್ಲ. ಅಂದಿನಿಂದ ಯಾವ ಮನೆಗೆ ಗಾಜು ಹೊತ್ತು ಹೋದರೂ, ಯಾವ ಮೆಟ್ಟಿಲಿನ ಮುಂದೆಯೂ, ಅಪ್ಪ ನಿಂತು ಒಂದು ಕಾಲೆತ್ತುತ್ತಾನೆ. ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ವಯಸ್ಸಾಯಿತು, ಮಂಡಿ ನೋಯುತ್ತದೆ, ಆದರೂ ಕೊಕ್ಕರೆಯ ಹಾಗೆ ನಿಂತೇ ಇರುತ್ತಾನೆ. ಗಾಜಿನ ಆ ಕಡೆಯಿಂದ ಚಿಕ್ಕಪ್ಪ ಮೆಟ್ಟಿಲನ್ನು ಒಮ್ಮೆ ಚೆನ್ನಾಗಿ ನೋಡಿ, "ಹ್ಞೂಂ, ಇಡು ಅಣ್ಣ" ಎಂದ ಮೇಲೆಯೇ ಅವನು ಕಾಲು ಕೆಳಗಿಡುವುದು.