ಹೊಳೆಯಾಚೆಯ ಮನೆಗೆ ಪರಿಚಯ

ತನ್ನ ಪರಿಚಯ ತಾನೇ ಬರೆಯಲು ಕೂತ ಒರ್ಫೆಲಿನಾ ಮೊದಲ ಸಾಲಿಗೇ ತಡವರಿಸಿದಳು. ಮೂವತ್ತಾರು ವರ್ಷದ ಆಕೆ ಕೊಯಾಯ್ಕೆ ಊರಿನ ಉಣ್ಣೆ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಪ್ರತಿ ಬೇಸಿಗೆಯಲ್ಲೂ ರಜೆ ಸಿಕ್ಕಿದ್ದೇ ತಡ, ಬೆನ್ನಿಗೆ ಚೀಲ ಏರಿಸಿ ಒಬ್ಬಳೇ ಹೊರಟುಬಿಡುತ್ತಿದ್ದಳು. ದನ ಸಾಗಿಸುವ ದೋಣಿಯಲ್ಲಿ ದ್ವೀಪಗಳನ್ನು ಸುತ್ತಿದ್ದಳು. ಹಿಮದ ಕಣಿವೆ ಹತ್ತಿ ಗಡಿಯಾಚೆಯ ಅರ್ಜೆಂಟೀನಾದ ಕಡೆ ಇಳಿದಿದ್ದಳು. ಒಮ್ಮೆ ಕಾಲು ಉಳುಕಿ, ಒಣಮಾಂಸ ಜಗಿಯುತ್ತ ಮೂರು ದಿನ ಬಂಡೆಯ ಪೊಟರೆಯಲ್ಲಿ ಬಿದ್ದಿದ್ದವಳು, ಎದ್ದ ಮೇಲೆ ಮನೆಗೆ ಬರದೆ ಮುಂದಕ್ಕೇ ಹೋಗಿದ್ದಳು. ಈ ಸಲ ದಕ್ಷಿಣಕ್ಕೆ ದನ ಹೊಡೆಯುವ ಹಳೆಯ ದಾರಿ ಹಿಡಿದು ಗಡಿಯ ದೊಡ್ಡ ಸರೋವರ ಮುಟ್ಟಬೇಕೆಂದು ಹಟ ತೊಟ್ಟಿದ್ದಳು.

ಆ ದಾರಿಯಲ್ಲಿ ಫೋನಿಲ್ಲ. ಎರಡು ದಿನ ನಡೆದರೆ ಒಂದು ಮನೆ. ಅಲ್ಲಿಯವರಿಗೆ ಏನಾದರೂ ತಿಳಿಸಬೇಕಾದರೆ ರೇಡಿಯೊದವರ ಕೈಗೆ ಚೀಟಿ ಕೊಡಬೇಕು. ಮಧ್ಯಾಹ್ನ ಒಂದು ಗಂಟೆಗೆ ಅವರು ಓದುತ್ತಾರೆ. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಎತ್ತು ಯಾವ ಸಂತೆಗೆ ಬಂತು ಎಂಬುದೆಲ್ಲ ಕಣಿವೆಗೆ ತಿಳಿಯುವುದು ಹಾಗೆಯೇ. ತಿರುಗಿ ಉತ್ತರ ಬರುವ ಬಗೆಯಿಲ್ಲ. ಹೋದ ಮೇಲೆ ಬಾಗಿಲು ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ.

ಅವಳನ್ನು ಕಾಡಿದ್ದು ದಾರಿಯ ನಡುವಿನ ಹೊಳೆ. ಅದನ್ನು ದಾಟಿಸುವ ದೋಣಿಯಿದ್ದದ್ದು ಆಚೆ ದಡದ ಕಾರ್ಕಮೊ ಮನೆಯವರಲ್ಲಿ ಮಾತ್ರ. ಮದುವೆಯಾಗದ ಅಣ್ಣ ತಂಗಿ, ಬೌದಿಲಿಯೊ ಮತ್ತು ಎದೆಲ್ಮಿರಾ, ಇಬ್ಬರಿಗೂ ಎಪ್ಪತ್ತು ದಾಟಿತ್ತು. ನಲವತ್ತು ವರ್ಷದ ಹಿಂದೆ ಒರ್ಫೆಲಿನಾಳ ಅಪ್ಪ ಅನಿಸೆತೊ ಬರ್ರಿಯಾ ಅವರ ಮನೆಯಲ್ಲಿ ಕುರಿ ಕಾಯುವ ಕೆಲಸಕ್ಕಿದ್ದು, ಒಂದು ಬೆಳಗಿನ ಜಾವ ಅವರ ಬಿಳಿಗಾಲಿನ ಕುದುರೆ ಹೊಡೆದುಕೊಂಡು ಓಡಿಹೋಗಿದ್ದ. ಹಬ್ಬದ ದಿನ ಎರಡು ಲೋಟ ದ್ರಾಕ್ಷಾರಸ ಇಳಿದರೆ ಸಾಕು, ಅಪ್ಪ ಆ ಕತೆ ತೆಗೆಯುತ್ತಿದ್ದ. ಅದರ ಮೇಲೆ ಕೂತು ಅರ್ಜೆಂಟೀನಾದವರೆಗೆ ಸವಾರಿ ಮಾಡಿದೆ, ಗಡಿ ದಾಟಿದ ಮೇಲೆ ಮುತ್ತು ಕೊಟ್ಟು ಬಿಟ್ಟುಬಿಟ್ಟೆ ಎನ್ನುತ್ತಿದ್ದ. ಮಕ್ಕಳು ನಗುತ್ತಿದ್ದರು. ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಒರ್ಫೆಲಿನಾ ಅಪ್ಪನ ಮನೆತನದ ಹೆಸರು ಬಿಟ್ಟು ಅಮ್ಮನದನ್ನಷ್ಟೇ ಹಾಕಿದಳು: 'ನಾನು ಒರ್ಫೆಲಿನಾ ಮಾನ್ಸಿಯಾ. ಒಬ್ಬಳೇ ನಡೆದು ಬರುತ್ತಿದ್ದೇನೆ. ಸೌದೆ ಒಡೆಯುತ್ತೇನೆ, ಉಣ್ಣೆ ವಿಂಗಡಿಸುತ್ತೇನೆ, ನೆಲದ ಮೇಲೆ ಮಲಗುತ್ತೇನೆ. ನನ್ನಿಂದ ತೊಂದರೆಯಾಗದು. ಶುಕ್ರವಾರ ಕಾರ್ಕಮೊ ಅವರ ಹೊಳೆಯ ದಡದಲ್ಲಿ ದೋಣಿ ಕರೆಯಲು ಹೊಗೆ ಹಾಕುತ್ತೇನೆ.' ಸುಳ್ಳೇನೂ ಬರೆದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಚೀಟಿಯನ್ನು ರೇಡಿಯೊದ ಲಿಸಾಂದ್ರೊನ ಕೈಗಿಟ್ಟು ಹೊರಟಳು.

ನಡೆಯಲು ಶುರುಮಾಡಿದ ಮೂರನೆಯ ದಿನ ಒಬ್ಬ ಕುರುಬನ ಗುಡಿಸಲಲ್ಲಿ ಆಲೂಗಡ್ಡೆ ಬೇಯುವುದನ್ನು ಕಾಯುತ್ತ ಕೂತಿದ್ದಾಗ ಆ ಚೀಟಿ ರೇಡಿಯೊದಲ್ಲಿ ಬಂತು. ಲಿಸಾಂದ್ರೊ ಚೆಂದವಾಗಿ ಓದಿದ. ಓದಿ ಮುಗಿಸಿದವನು ಸುಮ್ಮನಾಗಬೇಕಿತ್ತು. ಆದರೆ ಅವನಿಗೆ ಉಪಕಾರ ಮಾಡುವ ಹುರುಪು. "ಕಣಿವೆಯ ಬಂಧುಗಳೇ, ಇವಳು ಹೊರಗಿನವಳಲ್ಲ. ನಿಮ್ಮ ಕಡೆ ಕುರಿ ಕಾಯ್ತಿದ್ದ ಅನಿಸೆತೊ ಬರ್ರಿಯಾನ ಮಗಳು. ಮನೆಮಗಳ ಹಾಗೆ ನೋಡ್ಕೊಳ್ಳಿ," ಎಂದು ಸೇರಿಸಿಬಿಟ್ಟ.

ಒರ್ಫೆಲಿನಾಳ ಕೈಯಲ್ಲಿದ್ದ ಚಮಚ ಬೂದಿಗೆ ಬಿತ್ತು.

"ಯಾಕಮ್ಮ, ಮುಖ ಸುಣ್ಣ ಬಳಿದ ಹಾಗಾಯ್ತು?" ಎಂದ ಕುರುಬ.

"ಏನಿಲ್ಲ. ಆ ಲಿಸಾಂದ್ರೊ ಸಿಕ್ಕಿದ್ರೆ ಅವನ ನಾಲಿಗೆಗೆ ಗಂಟು ಹಾಕ್ಬೇಕು."

ಹಿಂದಕ್ಕೆ ಹೋಗಬಹುದಿತ್ತು. ಆದರೆ ಹಿಂದೆ ಮೂರು ದಿನದ ದಾರಿ. ಅಲ್ಲದೆ ನಡುದಾರಿಯಿಂದ ತಿರುಗಿದ ರೂಢಿ ಅವಳಿಗಿರಲಿಲ್ಲ. ಉಳಿದ ಎರಡು ದಿನವೂ ಗಾಳಿಗೆ ಎದೆಕೊಟ್ಟು ನಡೆಯುತ್ತ ಉತ್ತರಗಳನ್ನು ಹೊಸೆದಳು. ಬರ್ರಿಯಾಗಳು ಊರ ತುಂಬ ಇದ್ದಾರೆ, ನಮ್ಮಪ್ಪ ಬೇರೆ, ಕುರಿಯ ಮುಖವನ್ನೇ ನೋಡಿದವನಲ್ಲ ಎನ್ನುವುದು. ಹಾಗೆನ್ನಲು ಮನಸ್ಸು ಒಪ್ಪದೆ ಬೇರೊಂದನ್ನು ಹೊಸೆಯುವುದು. ಶುಕ್ರವಾರ ನಡುಹಗಲಿಗೆ ಹೊಳೆಯ ದಡಕ್ಕೆ ಬಂದು, ಹಸಿ ಸೊಪ್ಪು ಸೇರಿಸಿ ಬೆಂಕಿ ಹಾಕಿದಳು. ಹೊಗೆ ದಟ್ಟವಾಗಿ ಎದ್ದಿತು. ಆಚೆ ದಡದಲ್ಲಿ ತಗಡಿನ ಮಾಡಿನ ಮನೆ, ಬೊಗಳುವ ನಾಯಿಗಳು, ಕಂಬಕ್ಕೆ ಕಟ್ಟಿದ ದೋಣಿ ಎಲ್ಲವೂ ಕಾಣುತ್ತಿತ್ತು. ಮನುಷ್ಯರು ಮಾತ್ರ ಕಾಣಲಿಲ್ಲ. ಒಂದು ಗಂಟೆ ಕಳೆಯಿತು. ಎರಡಾಯಿತು. ಇನ್ನು ಬರುವುದಿಲ್ಲ ಎಂದು ಚೀಲ ಬಿಗಿಯುತ್ತಿದ್ದಾಗ ದೋಣಿ ದಡ ಬಿಟ್ಟಿತು.

ಹುಟ್ಟು ಹಾಕುತ್ತಿದ್ದ ಬೌದಿಲಿಯೊನ ಬೆನ್ನು ಮಾತ್ರ ಅವಳ ಕಡೆಗಿತ್ತು. ಟೋಪಿಯ ಮೇಲೆ ಶಾಲು ಬಿಗಿದ ಎದೆಲ್ಮಿರಾ ಅವನ ಎದುರಿಗೆ ನೆಟ್ಟಗೆ ಕೂತಿದ್ದಳು. ದಡಕ್ಕೆ ಎರಡು ಮಾರು ಇರುವಾಗ ಮುದುಕಿ ಕೈಯೆತ್ತಿದಳು. ಅಣ್ಣ ದೋಣಿಯನ್ನು ಅಲ್ಲೇ ಹಿಡಿದು ನಿಲ್ಲಿಸಿದ.

"ರೇಡಿಯೊದಲ್ಲಿ ಹೇಳಿದ ಹೆಂಗಸು ನೀನೇನಾ?"

"ಹೌದು, ದೋನ್ಯಾ ಎದೆಲ್ಮಿರಾ," ಎಂದು ಗೌರವದಿಂದ ಕರೆದಳು. "ನಾನು ಒರ್ಫೆಲಿನಾ. ಐದು ದಿನದಿಂದ ನಡೀತಿದ್ದೀನಿ."

"ಅದು ನಿನ್ನ ಬೂಟು ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಪ್ಪ ಯಾರು?"

ಹೊಸೆದಿಟ್ಟ ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅನಿಸೆತೊ ಬರ್ರಿಯಾ. ನಿಮ್ಮ ಕುದುರೆ ಕದ್ದವ್ನು. ನಂಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಅವನ ಹೆಸರು ಮುಚ್ಚಿಟ್ಟೆ. ವಾಪಸ್ ಹೋಗು ಅಂದ್ರೆ ಹೋಗ್ತೀನಿ, ಬೇಜಾರಿಲ್ಲ," ಎಂದಳು.

ಮುದುಕಿ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದಳು. "ಕುದುರೆ ಮಾತು ಆಮೇಲೆ. ನೀನು ಹುಟ್ಟಿದ್ದು ಯಾವ ವರ್ಷ?"

"ಐವತ್ತೆಂಟು."

"ಸರಿಯಾಗಿ ಹೇಳು."

"ಸರಿಯಾಗೇ ಹೇಳ್ತಿದ್ದೀನಿ. ಐವತ್ತೆಂಟು, ಮಾರ್ಚ್ ತಿಂಗಳು. ನನ್ನ ಹಿಂದೆ ಇನ್ನೂ ಇಬ್ರು ತಮ್ಮಂದಿರಿದ್ದಾರೆ."

ಎದೆಲ್ಮಿರಾಳ ತುಟಿ ಅಲುಗಿತು, ಬೆರಳು ಮಡಚಿತು, ಬಿಚ್ಚಿತು. "ಕೇಳಿದ್ಯೇನೋ ಬೌದಿಲಿಯೊ? ಐವತ್ನಾಲ್ಕರಲ್ಲಿ ಮುಳುಗಿ ಸತ್ತವ್ನು ಐವತ್ತೆಂಟರಲ್ಲಿ ಮಗಳು ಹುಟ್ಟಿಸಿದಾನೆ. ಆಮೇಲೆ ಇನ್ನೂ ಎರಡು."

ಬೌದಿಲಿಯೊ ಆಗ ಮೊದಲ ಬಾರಿಗೆ ತಿರುಗಿ ನೋಡಿದ. ಹುಟ್ಟುಗಳು ಕೈಯಿಂದ ಜಾರಿದವು. ದೋಣಿ ಪ್ರವಾಹಕ್ಕೆ ಓಲಿ ಬಂಡೆಯ ಕಡೆ ತಿರುಗಿತು. ಒರ್ಫೆಲಿನಾ ಬೂಟು ಸಮೇತ ಮೊಣಕಾಲುದ್ದದ ನೀರಿಗಿಳಿದು ಹಗ್ಗ ಹಿಡಿದು ಎಳೆದಳು.

"ಎಷ್ಟು ವರ್ಷ ಬದುಕಿದ್ದ?" ಎಂದ ಬೌದಿಲಿಯೊ.

"ಎಪ್ಪತ್ತೊಂದು. ಹೋಗಿ ನಾಲ್ಕು ವರ್ಷ ಆಯ್ತು, ಹಾಸಿಗೇಲಿ ಮಲಗಿದ್ದೋನು ಹಾಗೇ ಹೋದ. ಕೊನೇ ದಿನಗಳಲ್ಲಿ ತುಂಬಾ ದಪ್ಪ ಆಗಿದ್ದ."

"ದಪ್ಪ ಆಗಿದ್ನಂತೆ," ಎಂದು ಅವನು ತಂಗಿಗೆ ಹೇಳಿದ, ಅವಳಿಗೆ ಕೇಳಿಸಿಲ್ಲವೇನೋ ಎಂಬಂತೆ.

ನಡೆದದ್ದನ್ನು ಹೊಳೆ ದಾಟುವಾಗ ಎದೆಲ್ಮಿರಾ ಹೇಳಿದಳು. ಕುದುರೆ ಕಾಣೆಯಾದ ಹಿಂದಿನ ಸಂಜೆ ಯಾವ ನಾಯಿ ಕುರಿಮರಿಗಳನ್ನು ಕಚ್ಚಿತು ಎಂದು ಬೌದಿಲಿಯೊನಿಗೂ ಅನಿಸೆತೊನಿಗೂ ಜಗಳವಾಗಿತ್ತು. ನಾಳೆ ನಿನ್ನ ಮುಖ ಕಾಣಬಾರದು ಎಂದಿದ್ದ ಬೌದಿಲಿಯೊ. ಬೆಳಗಾದಾಗ ಅನಿಸೆತೊನೂ ಇಲ್ಲ, ಕುದುರೆಯೂ ಇಲ್ಲ. ಮೂರನೆಯ ದಿನ ಕುದುರೆಯೊಂದೇ ಬಂತು. ಜೀನು ನೆನೆದು ತೊಪ್ಪೆಯಾಗಿತ್ತು. ಒಂಬತ್ತು ದಿನ ಅಣ್ಣ ತಂಗಿ ಹೊಳೆಯ ಉದ್ದಕ್ಕೂ ಹೆಣ ಹುಡುಕಿದ್ದರು.

"ಬಾಯಿಗೆ ಬಂದದ್ದು ಅಂದು ಅವನನ್ನ ನೀರಿಗೆ ನೂಕಿದವ್ನು ನಾನೇ ಅಂತ ನಲವತ್ತು ವರ್ಷ ಇವನು ಕೊರಗಿದ," ಎಂದಳು. "ಆಮೇಲೆ ಯಾರ ಮೇಲೂ ದನಿ ಎತ್ತಿದವ್ನಲ್ಲ. ನಾನು ಎಷ್ಟು ಕೆಣಕಿದ್ರೂ ಇಲ್ಲ. ಇಂಥವನ ಜೊತೆ ಬಾಳೋದು ಎಷ್ಟು ಕಷ್ಟ ಗೊತ್ತಾ ನಿಂಗೆ?"

"ಹಾಗಾದ್ರೆ ಅಪ್ಪ ಅರ್ಜೆಂಟೀನಾದವರೆಗೆ ಸವಾರಿ ಮಾಡಿದ್ದು?"

"ಯಾವ ಸವಾರಿ? ಕುದುರೆ ಅವನನ್ನ ಹೊಳೆಗೆ ಎತ್ತಿ ಹಾಕಿ ಮನೆಗೆ ಬಂದಿದೆ. ನಿಮ್ಮಪ್ಪ ಒದ್ದೆ ಬಟ್ಟೇಲಿ ಕಾಲೆಳ್ಕೊಂಡು ಹೋಗಿದಾನೆ, ಜೀನನ್ನೂ ಕಳ್ಕೊಂಡು."

ಒರ್ಫೆಲಿನಾಳಿಗೆ ನಗು ತಡೆಯಲಾಗಲಿಲ್ಲ. ಐದು ದಿನದ ಬಿಗಿತವೆಲ್ಲ ಸಡಿಲಿ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎದೆಲ್ಮಿರಾಳೂ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಚೆ ದಡದಲ್ಲಿ ಇಳಿದ ಕೂಡಲೇ, ಗಾಳಿಗೆ ವಾಲಿದ ಮರದ ಶಿಲುಬೆಯೊಂದು ಕಂಡಿತು. ಅದರ ಮೇಲೆ ಅಪ್ಪನ ಹೆಸರು. ಬುಡದಲ್ಲಿ ಕರಗಿದ ಮೇಣದ ಗುಡ್ಡೆ. ನಲವತ್ತು ವರ್ಷ, ಸತ್ತವರ ಹಬ್ಬದಲ್ಲಿ ಹಚ್ಚಿದ್ದು. ಊರಿನ ಸ್ಮಶಾನದಲ್ಲಿ ಅಪ್ಪನ ಗೋರಿಗೆ ಅವಳು ವರ್ಷಕ್ಕೊಂದು ಮೇಣದಬತ್ತಿಯನ್ನೂ ಹಚ್ಚುತ್ತಿರಲಿಲ್ಲ.

ಶಿಲುಬೆ ಕೀಳಲೇ ಎಂದು ಬೌದಿಲಿಯೊ ಕೇಳಿದ.

"ಇರ್ಲಿ, ದೊನ್ ಬೌದಿಲಿಯೊ. ಸತ್ತಿರೋದಂತೂ ನಿಜ ಅಲ್ವಾ."

ಮನೆಯೊಳಗೆ ಒಲೆ ಉರಿಯುತ್ತಿತ್ತು, ಕುರಿಯ ತೊಡೆ ಬೇಯುತ್ತಿತ್ತು. ಹೊಗೆ ಕಂಡ ಮೇಲೂ ಎರಡು ಗಂಟೆ ತಡವಾದದ್ದು ಇದಕ್ಕೇ: ಬಂದವಳು ಯಾರೇ ಆಗಿರಲಿ, ಒಲೆಯ ಮೇಲೆ ಊಟ ಇಡದೆ ದೋಣಿ ಬಿಚ್ಚುವುದು ಬೇಡ ಎಂದು ಎದೆಲ್ಮಿರಾ ಹಟ ಹಿಡಿದಿದ್ದಳಂತೆ. ಎಣ್ಣೆಯಲ್ಲಿ ಕರಿದ ರೊಟ್ಟಿ ಬಂತು. ಸೋರೆ ಬುರುಡೆಯಲ್ಲಿ ಬಿಸಿ ಮಾಟೆ ಕಷಾಯ ಕೈಯಿಂದ ಕೈಗೆ ಹೋಯಿತು. ಇಬ್ಬರೂ ಕೇಳಿದ್ದನ್ನೇ ಕೇಳಿದರು. ಹಲ್ಲು ಉದುರಿತ್ತಾ, ಹಾಡ್ತಿದ್ನಾ, ನಾಯಿ ಸಾಕಿದ್ನಾ. ಒರ್ಫೆಲಿನಾ ಹೇಳುತ್ತ ಹೋದಳು. ಹೇಳುತ್ತಿದ್ದಂತೆ, ಅಪ್ಪನ ಬಗ್ಗೆ ತಾನು ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು ಅನ್ನಿಸಿತು.

ಒಂದು ರಾತ್ರಿಗೆಂದು ಬಂದವಳು ನಾಲ್ಕು ದಿನ ನಿಂತಳು. ಎರಡನೆಯ ದಿನ ಬೆಳಿಗ್ಗೆ ಎದೆಲ್ಮಿರಾಳ ಜೊತೆ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಾಗ, ಕೊಟ್ಟಿಗೆಯ ಕಡೆಯಿಂದ ಬೌದಿಲಿಯೊನ ಸಿಳ್ಳೆ ಕೇಳಿಸಿತು. ಹಳೆಯ ಕುಣಿತದ ಧಾಟಿ, ನಡುನಡುವೆ ಉಸಿರು ಸಾಲದೆ ತಪ್ಪುತ್ತಿತ್ತು. ಎದೆಲ್ಮಿರಾ ಕೈ ನಿಲ್ಲಿಸಿ ಕಿವಿಗೊಟ್ಟಳು.

"ಅಪಸ್ವರ," ಎಂದಳು. "ನಲವತ್ತು ವರ್ಷದ ಮೇಲೆ ಊದ್ತಿದಾನೆ. ಇರ್ಲಿ ಬಿಡು, ಊದ್ಲಿ."